ನಾಲ್ಕು ಗಂಟೆಯ ಪ್ರಕಟಣೆ

ಆಯ್ಕೆ ಪಟ್ಟಿಯಲ್ಲಿ ರಾಜೀವನ ಹೆಸರು ಎರಡನೆಯದು. ಮೊದಲನೆಯದು ಪ್ರಖ್ಯಾತನದು, ಹೆಮ್ಮಾಡಿಯ ಇಪ್ಪತ್ನಾಲ್ಕರ ಹುಡುಗ. ಇದ್ದದ್ದು ಒಂದೇ ಹುದ್ದೆ.

೧೯೯೭ರಿಂದ ಹದಿಮೂರು ವರ್ಷ ಪುರಸಭೆಯ ಬಾಯಿ ಎಂದರೆ ರಾಜೀವನೇ. ನೀರು ಬಾರದ ದಿನ, ಮನೆತೆರಿಗೆಯ ಕೊನೆಯ ದಿನ, ಪೋಲಿಯೊ ಹನಿ, ಹುಚ್ಚುನಾಯಿಯ ಕಾಟ, ಎಲ್ಲವನ್ನೂ ಊರು ಕೇಳಿದ್ದು ಅವನ ದನಿಯಲ್ಲಿ. ಪತ್ರಿಕೆಗಳಿಗೆ ಪ್ರಕಟಣೆ ಬರೆಯುವವನೂ ಅವನೇ, ಸಹಿ ಮಾತ್ರ ಬೇರೆಯವರದ್ದು. ಆದರೂ ದಿನಗೂಲಿ. ಖಾಯಂ ಹುದ್ದೆಗೆ ಪರೀಕ್ಷೆ ನಡೆದದ್ದು ಇದೇ ಮೊದಲು. ವಯಸ್ಸಿನ ಮಿತಿಯಿಂದಾಗಿ ಅವನಿಗೆ ಇದೇ ಕೊನೆ. ಹುಡುಗ ಮೂರು ಅಂಕ ಹೆಚ್ಚು ತೆಗೆದ. ಅನ್ಯಾಯವೇನೂ ಆಗಿರಲಿಲ್ಲ, ರಾಜೀವನ ಹೊಟ್ಟೆ ಉರಿದದ್ದೂ ಅದಕ್ಕೇ. ಬೈಯೋಣವೆಂದರೆ ಯಾರೂ ಇಲ್ಲ.

ಪ್ರಖ್ಯಾತನೋ, ವಿನಯದ ಮೂಟೆ.

"ರಾಜೀವಣ್ಣ, ಬೇಜಾರ್ ಮಾಡ್ಕಣ್ಬೇಡಿ. ನಂಗೆ ಮೈಕ್ ಹಿಡುಕೆ ನೀವೇ ಕಲ್ಸ್‌ಕ್."

"ಅದಕ್ಕೆಂತ, ಕಲ್ಸುವ. ಬುಧವಾರ ನಾಕ್ ಗಂಟಿಗೆ ಬಾ. ಕೆಳಗ್ ಕೂಕಂಡ್ ಕೇಣ್, ನಾ ಹ್ಯಾಂಗ್ ಹೇಳ್ತೆ ಅಂತ ಬರ್ಕೊ."

ಗುರುವಾರ ಉಡುಪಿಯಲ್ಲಿ ಮೂಲ ದಾಖಲೆಗಳ ಪರಿಶೀಲನೆ. ಮೂಲ ಪ್ರತಿ ತೋರಿಸದಿದ್ದರೆ ಹುದ್ದೆ ಮುಂದಿನ ಹೆಸರಿಗೆ. ಮನೆಯಲ್ಲಿ ಹುಡುಗ ಒಬ್ಬನೇ. ಬೀಗದ ಕೈ ದಾಸವಾಳದ ಕುಂಡದಡಿ ಇಡುವುದನ್ನು ತಾನೇ ಬಾಯಿಬಿಟ್ಟಿದ್ದ.

ದಿನವೂ ನಾಲ್ಕರಿಂದ ನಾಲ್ಕೂವರೆಯವರೆಗೆ ಮಹಡಿಯ ಮೈಕ್ ಕೋಣೆಯ ಬಾಗಿಲು ಒಳಗಿಂದ ಹಾಕಿರುತ್ತಿತ್ತು. ರಾಜೀವ ಅರ್ಧ ಗಂಟೆಯ ಕ್ಯಾಸೆಟ್ಟಿನಲ್ಲಿ ತನ್ನ ದನಿ ತುಂಬಿಸಿದ. ನಡುನಡುವೆ ಕೆಮ್ಮಿದ, ನೀರು ಗುಟುಕರಿಸಿದ, "ಈಗ ಸಮಯ ನಾಲ್ಕು ಗಂಟೆ ಹತ್ತು ನಿಮಿಷ" ಎಂದೂ ಸೇರಿಸಿದ. ಕರೆಂಟು ಹೋದರೆ ಬ್ಯಾಟರಿ ಇತ್ತು. ಹಿಂದಿನ ಮೆಟ್ಟಿಲಿಗೆ ಬೇರೆ ಬಾಗಿಲು. ಇಡೀ ಪೇಟೆಯೇ ಸಾಕ್ಷಿ; ಕದಿಸಿಕೊಳ್ಳುವವನೂ ಧ್ವನಿವರ್ಧಕದ ಹಾರ್ನಿನ ಕೆಳಗೆ ಪೆನ್ನು ಹಿಡಿದು ಕೂತ ಸಾಕ್ಷಿ. ಇದನ್ನು ನೆನೆದು ರಾಜೀವನಿಗೆ ಬಹಳ ದಿನಗಳ ಮೇಲೆ ನಗು ಬಂತು.

ಬುಧವಾರ ನಾಲ್ಕಕ್ಕೆ ಕ್ಯಾಸೆಟ್ ಹಾಕಿ, ಹಿಂದಿನ ಮೆಟ್ಟಿಲಿಳಿದು ಸ್ಕೂಟರ್ ಹತ್ತಿದ. ಎಲ್ಲ ಅಂದುಕೊಂಡ ಹಾಗೇ ನಡೆಯಿತು. ಬೀಗದ ಕೈ ಕುಂಡದಡಿ ಇತ್ತು, ಮೂಲ ದಾಖಲೆಗಳ ಕಡತ ಮೇಜಿನ ಮೇಲೆ, ಬಸ್ಸಿನ ಚಿಲ್ಲರೆಯ ಪಕ್ಕ. ಒಂದು ಕ್ಷಣ ಕೈ ತಡೆಯಿತು. ಆಮೇಲೆ ಹೆಂಡತಿ ಗಿರಿಜೆಯ ಮುಖ ನೆನಪಾಯಿತು, ಪ್ರತಿ ತಿಂಗಳೂ "ಈ ಸಲ ಖಾಯಂ ಆಯ್ತಾ?" ಎಂದು ಕೇಳಿ, ಈಚೆಗೆ ಕೇಳುವುದನ್ನೇ ಬಿಟ್ಟಿದ್ದಳು. ಕಡತಕ್ಕೆ ಮುರಕಲ್ಲು ಕಟ್ಟಿ ಸೇತುವೆಯಿಂದ ಹೊಳೆಗೆ ಬಿಟ್ಟ. ನಾಲ್ಕು ಇಪ್ಪತ್ನಾಲ್ಕಕ್ಕೆ ಸ್ಕೂಟರ್ ಪೇಟೆಗೆ ಬಂತು, ಅವನ ದನಿ ಅವನನ್ನೇ ಎದುರುಗೊಂಡಿತು. ಸ್ಪಷ್ಟವಾಗಿತ್ತು, ಚೆನ್ನಾಗಿತ್ತು.

ಪುರಸಭೆಯ ಪಕ್ಕದ ಮೀನುಪೇಟೆಯ ತಿರುವಿನಲ್ಲಿ ದಾರಿ ಕಟ್ಟಿತ್ತು. ಮೀನು ಮಾರುವ ಜಲಜಕ್ಕ ಮಧ್ಯಾಹ್ನ ತೀರಿಕೊಂಡಿದ್ದಳು. ಚಟ್ಟ ಹೊತ್ತವರು ನಡೆಯದೆ ಪುರಸಭೆಯ ಎದುರು ನಿಂತು ಹಾರ್ನ್ ನೋಡುತ್ತಿದ್ದರು. ಹೆಣ ಹಾದುಹೋಗುವಾಗ ಮೈಕು ಸುಮ್ಮನಾಗಬೇಕೆಂದು ಎಲ್ಲೂ ಬರೆದಿಟ್ಟಿಲ್ಲ. ಆದರೆ ಹದಿಮೂರು ವರ್ಷವೂ ಹೆಣ ಕಿಟಕಿಯಿಂದ ಕಂಡ ಕೂಡಲೇ ರಾಜೀವನ ಬೆರಳು ತಾನಾಗಿ ಗುಂಡಿ ಒತ್ತಿ ಮೈಕು ನಿಲ್ಲಿಸುತ್ತಿತ್ತು, ಯೋಚಿಸಿ ಮಾಡಿದ್ದಲ್ಲವಾದ್ದರಿಂದ ಯೋಜನೆಯಲ್ಲೂ ಅದು ಸೇರಿರಲಿಲ್ಲ. "ಜನನ ಮರಣಗಳನ್ನು ಇಪ್ಪತ್ತೊಂದು ದಿನಗಳೊಳಗೆ ನೋಂದಾಯಿಸಿ," ಎನ್ನುತ್ತಿತ್ತು ಹಾರ್ನ್. ಜಲಜಕ್ಕನ ಮಗ ಭೋಜ ಸಿಟ್ಟಿನಿಂದ ಮಹಡಿಯ ಬಾಗಿಲು ಬಡಿದು ಸೋತು, ಇಳಿದು ಬರುತ್ತಿದ್ದ. ಹಿಂದೆ ಪ್ರಖ್ಯಾತ, ಕೈಯಲ್ಲಿ ಪುಸ್ತಕ. ಇಬ್ಬರೂ ಸ್ಕೂಟರ್ ಕಂಡು ನಿಂತರು. "ಹ್ವಾಯ್ ರಾಜೀವಣ್ಣ," ಎಂದ ಭೋಜ, "ನೀವ್ ಇಲ್ಲಿದ್ರಿಯಲೆ? ಹಂಗಾರೆ ಮೇಲ್ ಮಾತಾಡ್ತಿಪ್ಪುದ್ ಯಾರ್?"