ನೋಡಿದ ದಿನಾಂಕ

ಬೆಳಗ್ಗೆ ಒಂಬತ್ತರ ಹೊತ್ತಿಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸಿನ ಅಂಗಿಯ ತೋಳುಗಳು ಮೊಣಕೈವರೆಗೆ ರಕ್ತದಲ್ಲಿ ನೆನೆದಿದ್ದವು. ಗಾಯ ಅವಳದಲ್ಲ. ಅಪ್ಪನನ್ನು ಯಾರೋ ಹೊಡೆದು ಹಾಕಿದ್ದಾರೆ, ಅಂಗಡಿಯಲ್ಲಿ ಬಿದ್ದಿದ್ದಾರೆ ಎಂದಷ್ಟು ಹೇಳಿ ಬೆಂಚಿನ ಮೇಲೆ ಕುಸಿದಳು. ಇನ್‌ಸ್ಪೆಕ್ಟರ್ ಮೇಡಂ ನೀರು ಕೊಡಿಸಿ, ದೂರು ಬರೆಸಿಕೊಂಡು, ಎಫ್‌ಐಆರ್ ದಾಖಲಿಸಲು ಹೇಳಿ ಜೀಪು ಹತ್ತಿದರು. ಜೊತೆಗೆ ಹೆಡ್ ಕಾನ್‌ಸ್ಟೇಬಲ್ ‘ರೇಡಿಯೊ’. ಬಾಯಿ ಆರಿಸುವ ಗುಂಡಿಯೇ ಇಲ್ಲವೆಂದು ಠಾಣೆಯವರು ಇಟ್ಟ ಹೆಸರು ಅದು.

ಸತ್ತವನು ಹೊಲಿಗೆ ಮಿಷನ್ ರಿಪೇರಿಯ ಮುದುಕ, ಬೀದಿಗೆಲ್ಲ ಮಿಷನ್ ತಾತ. ತಲೆಬುರುಡೆ ಒಡೆದಿತ್ತು. ಹೊಡೆತ ತಡೆಯಲು ಎತ್ತಿದ ಕೈಗಳೆರಡೂ ಮುರಿದು ಜೋತಿದ್ದವು. ಗೋಡೆಗೆ, ಸ್ಕ್ರೂ ಡಬ್ಬಿಗಳಿಗೆ, ರಿಪೇರಿಗೆ ಬಂದ ಮಿಷನ್‌ಗಳಿಗೆಲ್ಲ ರಕ್ತ ಎರಚಿತ್ತು. ಬಾಯಿಗೆ ಒಂದು ಕಾಗದದ ಉಂಡೆಯನ್ನು ಹಲ್ಲು ಉದುರುವ ಹಾಗೆ ತುರುಕಿದ್ದರು. ಪಕ್ಕದಲ್ಲಿ ಮೊಳದುದ್ದದ ಕಬ್ಬಿಣದ ಸರಳು ಬಿದ್ದಿತ್ತು. ಲೇತ್‌ನಲ್ಲಿ ಹೊಸದಾಗಿ ಕಡೆದ ಅದರ ತುದಿ ರಕ್ತ ಮೆತ್ತದ ಕಡೆ ಮಿರಮಿರನೆ ಮಿಂಚುತ್ತಿತ್ತು. ಎಂಥ ಹೆಣ ನೋಡಿಯೂ ತಿಂಡಿ ಬಿಡದ ರೇಡಿಯೊ ಆವತ್ತು ಹೊರಗೆ ಹೋಗಿ ವಾಂತಿ ಮಾಡಿಕೊಂಡ.

ಪಂಚರ ಎದುರು ಪಂಚನಾಮೆ ಬರೆಸುವಾಗ ಮೇಡಂ ಮುದುಕನ ಅಂಗೈ ಬಿಡಿಸಿ ನೋಡಿದರು. ಎರಡರಲ್ಲೂ ಹಳೆಯ ಸುಟ್ಟ ಕಲೆಗಳು. ಅದು ಹೇಗಾಯಿತೆಂದು ಮಗಳಿಗೂ ತಿಳಿಯದು. ಅಪ್ಪ ಚಿಕ್ಕವಯಸ್ಸಿನಲ್ಲಿ ಗಿರಣಿಯಲ್ಲಿದ್ದನಂತೆ, ಆ ಮಾತು ತೆಗೆದರೆ ಎದ್ದು ಹೋಗುತ್ತಿದ್ದನಂತೆ.

“ನಮ್ಮಪ್ಪ ಯಾರಿಗೇನು ಮಾಡಿದ್ರು ಮೇಡಂ? ಅದೊಂದು ಹೇಳಿಬಿಡಿ ಸಾಕು,” ಎಂದಳು.

ಉಂಡೆಯನ್ನು ಒಣಗಿಸಿ ಬಿಡಿಸಿದಾಗ ಅದು ಪುಸ್ತಕವೊಂದರ ಹಾಳೆ, ತಲೆಯಲ್ಲಿ ಪುಸ್ತಕದ ಹೆಸರಿತ್ತು. ಹೊತ್ತಿ ಉರಿಯುವ ಗಿರಣಿ ಗೋದಾಮಿನ ಬಾಗಿಲಲ್ಲಿ ನಿಂತ ತರುಣನ ಫೋಟೊ. ‘ಮುಷ್ಕರ ಹೂಡಿದವರನ್ನು ಒಳಗೆ ಕೂಡಿ ಬೀಗ ಜಡಿದು ಬೆಂಕಿ ಇಟ್ಟ ಕಾವಲುಗಾರ’ ಎಂದು ಕೆಳಗೆ ವಿವರಣೆ. ಅದಕ್ಕೆ ಲೇಖಕರು ಸೇರಿಸಿದ ಸಾಲು: ‘ಈಗ ಇದೇ ಊರಿನಲ್ಲಿ ಹೊಲಿಗೆ ಮಿಷನ್ ರಿಪೇರಿ ಮಾಡಿಕೊಂಡು ಸುಖವಾಗಿದ್ದಾನೆ.’ ಅದರ ಅಡಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಫೋಟೊ ಇಳಿಸಿಕೊಂಡ ಆನ್‌ಲೈನ್ ಚರಿತ್ರೆ ಪತ್ರಾಗಾರದ ಹೆಸರು, ಫೋಟೊ ಸಂಖ್ಯೆ, ನೋಡಿದ ದಿನಾಂಕ.

“ಹಾಗಾದ್ರೆ ತಾತ ಸಾಚಾ ಅಲ್ಲ ಬಿಡಿ,” ಎಂದ ರೇಡಿಯೊ. ಮೇಡಂ ಒಮ್ಮೆ ನೋಡಿದರು, ರೇಡಿಯೊ ತಾನಾಗಿಯೇ ಆರಿತು.

ಠಾಣೆಯ ಕಂಪ್ಯೂಟರಿನಲ್ಲಿ ಮೇಡಂ ಆ ಸಂಖ್ಯೆ ಹಾಕಿದರು. ಅದೇ ಫೋಟೊ ಬಂತು, ಆದರೆ ವಿವರಣೆ ಬೇರೆ. ಅದನ್ನು ಎರಡು ಸಲ ಓದಿ ಪತ್ರಾಗಾರಕ್ಕೆ ಫೋನ್ ಮಾಡಿದರು. ಅಲ್ಲಿನ ಮೇಲ್ವಿಚಾರಕಿ ಬಿಡಿಸಿ ಹೇಳಿದಳು: ಮೊದಲಿನ ವಿವರಣೆ ಗಿರಣಿಯ ಮಾಲೀಕರೇ ಫೋಟೊದ ಹಿಂದೆ ಬರೆಸಿದ್ದು. ಮೂರು ವರ್ಷದ ಹಿಂದೆ ಗಿರಣಿಯ ನರ್ಸಮ್ಮ ಕಣ್ಣಾರೆ ಕಂಡದ್ದನ್ನು ಹೇಳಿ ರೆಕಾರ್ಡ್ ಮಾಡಿಸಿದಳು, ಆಮೇಲೆ ತಿದ್ದಿದರು. ಹೀಗೆ ತಿದ್ದುಪಡಿ ಆಗುತ್ತಲೇ ಇರುತ್ತದೆ, ಅದಕ್ಕೇ ಬಳಸುವವರು ನೋಡಿದ ದಿನಾಂಕ ಹಾಕಬೇಕೆಂಬ ನಿಯಮ.

ಪುಸ್ತಕದಲ್ಲಿದ್ದ ದಿನಾಂಕ ಏಳು ವರ್ಷ ಹಳೆಯದು. ಪುಸ್ತಕ ಬಂದದ್ದು ಹೋದ ತಿಂಗಳು.

ಬರೆದವರು ನಿವೃತ್ತ ಇತಿಹಾಸದ ಮೇಷ್ಟ್ರು. ಕೊಲೆಯ ಸುದ್ದಿ ಕೇಳಿಯೂ ಅವರ ಮಾತಿನ ಬಿಗಿ ಸಡಿಲವಾಗಲಿಲ್ಲ.

“ಉಲ್ಲೇಖದಲ್ಲಿ ನಾನು ಒಂದಕ್ಷರ ತಪ್ಪು ಮಾಡಿಲ್ಲ. ದಿನಾಂಕ ಸಮೇತ ಹಾಕಿದೀನಿ.”

“ಅಚ್ಚಿಗೆ ಕೊಡೋ ಮುಂಚೆ ಇನ್ನೊಂದು ಸಲ ತೆರೆದು ನೋಡಿದ್ರಾ ಸರ್?”

“ಇಳಿಸಿಕೊಂಡ ಪ್ರತಿ ನನ್ನ ಹತ್ರಾನೇ ಇತ್ತಲ್ಲ.”

ಮೇಡಂಗೆ ಮೈ ಉರಿಯಿತು. ಈ ಪುಸ್ತಕ ಹಿಡಿದು ಯಾರಾದರೂ ಬಂದಿದ್ದರೇ ಎಂದಷ್ಟೇ ಕೇಳಿದರು. ಬಂದಿದ್ದ. ಗಿರಣಿಯ ಬೆಂಕಿಯಲ್ಲಿ ಅಪ್ಪನನ್ನು ಕಳೆದುಕೊಂಡವನು, ರೈಲ್ವೆ ಸ್ಟೇಷನ್ ಹಿಂದಿನ ವರ್ಕ್‌ಶಾಪಿನಲ್ಲಿ ಲೇತ್ ಕೆಲಸ. ಇದು ನಿಜವಾ ಎಂದು ಕೇಳಿದ್ದಕ್ಕೆ ಮೇಷ್ಟ್ರು ಅಡಿಟಿಪ್ಪಣಿಯ ಮೇಲೆ ಬೆರಳಿಟ್ಟು ತೋರಿಸಿ, ಪುಸ್ತಕಕ್ಕೆ ಸಹಿ ಹಾಕಿ ಕೊಟ್ಟಿದ್ದರು.

ಮಧ್ಯಾಹ್ನ ಎರಡು ಗಂಟೆಗೆ ವರ್ಕ್‌ಶಾಪಿಗೆ ನುಗ್ಗಿದಾಗ ಅವನು ಲೇತ್ ಮುಂದೆಯೇ ಇದ್ದ. ಪೊಲೀಸರನ್ನು ಕಂಡವನೇ ಸ್ಪ್ಯಾನರ್ ಎತ್ತಿ ಬೀಸಿದ. ರೇಡಿಯೊನ ದವಡೆ ಲಟಕ್ಕೆಂದಿತು. ಇನ್ನೊಬ್ಬ ಕಾನ್‌ಸ್ಟೇಬಲ್‌ನ ಕುತ್ತಿಗೆಗೆ ಕೈ ಹಾಕಿ ತಿರುಗುತ್ತಿದ್ದ ಲೇತಿನತ್ತ ತಳ್ಳುವಷ್ಟರಲ್ಲಿ ಮೇಡಂ ಲಾಠಿಯಿಂದ ಅವನ ಮಣಿಕಟ್ಟು ಮುರಿದರು. ಚೀಲದಲ್ಲಿ ಪುಸ್ತಕ ಸಿಕ್ಕಿತು, ಒಂದು ಹಾಳೆ ಹರಿದಿತ್ತು. ಉಗುರು ಸಂದಿಯಲ್ಲಿ ರಕ್ತ ಇನ್ನೂ ಕಪ್ಪಗೆ ಕೂತಿತ್ತು.

ಠಾಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ.

“ಅವನ ಅಂಗೈ ಸುಟ್ಟಿತ್ತು. ಬೆಂಕಿ ಇಟ್ಟ ಕೈ ಇದೇ ಅಂತ ಗ್ಯಾರಂಟಿ ಆಯ್ತು.”

“ಅವನು ಏನಾದ್ರೂ ಹೇಳಿದ್ನಾ?”

“ಹೇಳೋಕೆ ಬಂದ. ಅದಕ್ಕೇ ಬಾಯಿಗೆ ಹಾಳೆ ತುರುಕಿದೆ.”

ಮೇಡಂ ಕಂಪ್ಯೂಟರನ್ನು ಅವನತ್ತ ತಿರುಗಿಸಿ, ತಾವೇ ಓದಿ ಹೇಳಿದರು. ಫೋಟೊದ ತರುಣ ಬೀಗ ಜಡಿದವನಲ್ಲ, ಹಾರೆಯಿಂದ ಅದನ್ನು ಒಡೆದವನು. ಕಾದ ಚಿಲಕವನ್ನು ಬರಿಗೈಯಲ್ಲಿ ಕಿತ್ತ. ಆರು ಜನರನ್ನು ಹೊರಗೆ ಎಳೆದು ತಂದ. ಕೊನೆಯವನು ಉಳಿಯಲಿಲ್ಲ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸಿದ.

ಲೇತಿನವನ ಮುಖದ ಬಣ್ಣ ಇಳಿಯಿತು.

“ನಮ್ಮಮ್ಮ ಹೇಳ್ತಿದ್ಲು,” ಎಂದ. “ನಿಮ್ಮಪ್ಪ ಒಳಗೆ ಸಾಯ್ಲಿಲ್ಲ ಕಣೋ, ಯಾರೋ ಪುಣ್ಯಾತ್ಮ ಹೊರಗೆ ತಂದು ನೀರು ಕುಡಿಸಿದ್ನಂತೆ. ಅವನನ್ನ ಹುಡುಕಿ ಕೈ ಮುಗಿದು ಬಾ ಅಂತಿದ್ಲು.”

ಆಮೇಲೆ ಮುರಿದ ಕೈಯನ್ನೇ ಮೇಜಿಗೆ ಬಡಿದುಕೊಳ್ಳತೊಡಗಿದ. ಇಬ್ಬರು ಹಿಡಿಯಬೇಕಾಯಿತು.

ಸಂಜೆ ಮಗಳನ್ನು ಕರೆಸಿ ಅದೇ ಪುಟ ತೋರಿಸಿದರು. ಅವಳು ಪರದೆಯ ಮೇಲೆ ಅಪ್ಪನ ಕೈಗಳನ್ನು ಮುಟ್ಟಿ ಅತ್ತಳು. ಮೇಡಂಗೂ ಅಳು ಬಂತು, ಅದನ್ನು ಅವರು ಮರೆಮಾಚಲಿಲ್ಲ.

ದೋಷಾರೋಪ ಪಟ್ಟಿಗೆ ಆ ಪುಟವನ್ನು ಲಗತ್ತಿಸಬೇಕಿತ್ತು. ಮೇಡಂ ಪತ್ರಾಗಾರದ ಹೆಸರು ಬರೆದರು, ಫೋಟೊ ಸಂಖ್ಯೆ ಬರೆದರು. ನೋಡಿದ ದಿನಾಂಕ ಬರೆಯುವ ಮುಂಚೆ ಪೆನ್ನು ಕೆಳಗಿಟ್ಟು, ಪುಟವನ್ನು ಮತ್ತೊಮ್ಮೆ ತೆರೆದು ಮೊದಲಿನಿಂದ ಓದಿದರು.