‘ಬನ್ನಿ’ ಅನ್ನದ ಎರಡನೇ ಭಾಗ

“ಈ ಮಾತು ಬರೆದವನ ಕೈಗೆ ಕಜ್ಜಿ ಹತ್ತಲಿ,” ಅಂದಳು ಅವಳು, ಮೊದಲ ಕಂತಿನ ವಿಶೇಷ ಪ್ರದರ್ಶನದಲ್ಲಿ, ಪಕ್ಕದ ಸೀಟಿಗೆ ಕೇಳುವಷ್ಟು ಜೋರಾಗಿ.

ಪಕ್ಕದವನು ಎರಡೂ ಕೈ ಚಾಚಿದ. “ಯಾವ ಕೈಗೆ ಅಂತ ಹೇಳಿದ್ರೆ ಅನುಕೂಲ.”

ಅವಳ ಮುಖ ಬಿಸಿಯಾಯಿತು. ಆದರೂ ಕ್ಷಮೆ ಕೇಳಲಿಲ್ಲ... ಯಾಕೆ ಕೇಳಬೇಕು?

ಕನ್ನಡಕ್ಕೆ ಡಬ್ ಆದ ಆ ಜಪಾನಿ ಅನಿಮೆ ಧಾರಾವಾಹಿಯ ಮೊದಲ ಭಾಗವನ್ನು ಅವಳು ಹತ್ತು ಸಲ ನೋಡಿದ್ದಳು. ಊರಿಗೆಲ್ಲ ‘ಲೇ’ ಅನ್ನುವ ಒರಟ ಕತ್ತಿವರಸೆಗಾರ, ವೈದ್ಯೆಗೆ ಮಾತ್ರ ‘ಬನ್ನಿ’ ಅನ್ನುತ್ತಿದ್ದ. ಅವನ ಪ್ರೀತಿಯೆಲ್ಲ ಆ ಬಹುವಚನದಲ್ಲೇ ಇತ್ತು. ಎರಡನೇ ಭಾಗದ ಮೊದಲ ನಿಮಿಷಕ್ಕೇ ಆ ವೈದ್ಯೆಗೂ ‘ಬಾ’ ಅಂದುಬಿಟ್ಟ.

ಆರು ವರ್ಷ ಕಾಯಿಸಿ ಕೊಟ್ಟಿದ್ದು ಇದಾ?

ಅಂದಿನಿಂದ ಅವಳು ಪಕ್ಕದ ಸೀಟಿನ ಆ ಸಂಭಾಷಣೆಕಾರನ ಬೆನ್ನುಬಿದ್ದಳು. ಕನ್ನಡಕದಂಗಡಿಯ ಊಟದ ಬಿಡುವಿನಲ್ಲಿ ಅವನ ಸಂಭಾಷಣೆಯ ಹುಳುಕು ಹೆಕ್ಕಿ ಅಭಿಮಾನಿಗಳ ಗುಂಪಿಗೆ ಹಾಕಿದಳು. ಪಾಪ ಕಣೇ ಅಂದ ಅಕ್ಕನಿಗೆ, ಪಾಪ ಆ ವೈದ್ಯೆ ಅಂತ ಮುಖ ತಿರುಗಿಸಿದಳು. ಏಳನೇ ವಾರಕ್ಕೆ, ಅವನನ್ನು ಕೆಲಸದಿಂದ ತೆಗೆಯಿರಿ ಎಂಬ ಅವಳ ಮನವಿಗೆ ನಾಲ್ಕು ಸಾವಿರ ಸಹಿ ಬಿದ್ದವು.

ಡಬ್ಬಿಂಗ್ ಸ್ಟುಡಿಯೋದ ಮ್ಯಾನೇಜರ್ ಅವಳನ್ನು ಕರೆಸಿದ. ಗೆದ್ದೆ ಅಂದುಕೊಂಡೇ ಹೋದಳು.

ಒಳಗೆ ಆ ಸಂಭಾಷಣೆಕಾರ ಮ್ಯಾನೇಜರ್ ಜೊತೆ ಜಗಳಕ್ಕೆ ನಿಂತಿದ್ದ. ಪರದೆಯ ಮೇಲೆ ಕತ್ತಿವರಸೆಗಾರನ ಬಾಯಿ ಒಂದೇ ಸಲ ತೆರೆದು ಮುಚ್ಚಿತು. ಎರಡನೇ ಭಾಗ ಚಿತ್ರಿಸಿದ ಹೊಸ ತಂಡ ಅವಸರದಲ್ಲಿ ಬಾಯಿಯ ಚಿತ್ರಗಳನ್ನೇ ಕಡಿಮೆ ಬರೆದಿತ್ತು. ಆ ಬಾಯಿಗೆ ‘ಬಾ’ ಹಿಡಿಸುತ್ತಿತ್ತು, ‘ಬನ್ನಿ’ ಹಿಡಿಸುತ್ತಿರಲಿಲ್ಲ.

“ಅವನು ತಿರುಗಿದ ಮೇಲೆ ‘ಬನ್ನಿ’ ಅನ್ನಿಸಿ ಸರ್. ಬೆನ್ನಿಗೆ ಬಾಯಿ ಇರಲ್ವಲ್ಲ.”

ವಾರವಾರವೂ ಇದೇ ಗೋಳು, ಯಾರು ಗಮನಿಸ್ತಾರೆ ಎಂದು ಗೊಣಗಿದ ಮ್ಯಾನೇಜರ್, ಅವಳನ್ನು ಕಂಡು ನಕ್ಕ. ಮೊದಲ ಭಾಗ ಬರೆದವನೂ ಇವನೇ, ಆದರೂ ನಿಮ್ಮ ಆಸೆಯಂತೆ ಇವತ್ತೇ ಕಳಿಸ್ತೀನಿ ಅಂದ.

ಆ ‘ಬನ್ನಿ’... ಇವನದ್ದಾ?

ಅವಳ ಸಿಟ್ಟು ಇಳಿಯಲಿಲ್ಲ. ದಿಕ್ಕು ಬದಲಿಸಿತು, ಅಷ್ಟೇ.

“ನಾಲ್ಕು ಸಾವಿರ ಜನಕ್ಕೆ ತಪ್ಪು ಹೆಸರು ಕೊಟ್ಟಿದ್ದೀನಿ. ಇವರನ್ನ ಕಳಿಸಿದ್ರೆ ಸರಿಯಾದ ಹೆಸರು ಹಾಕ್ತೀನಿ. ನಿಮ್ಮದು.”

ಮ್ಯಾನೇಜರ್ ನೀರು ಕುಡಿದ. ಆಮೇಲೆ, ಬೆನ್ನಿನ ಮಾತು ರೆಕಾರ್ಡ್ ಮಾಡಿಸಿ ಅಂದ.

ಮೆಟ್ಟಿಲ ಬಳಿ ಅವನು ಅವಳನ್ನು ತಡೆದ. “ಏಳು ವಾರ ಬೈದಿದ್ದೀರ. ಸುಮ್ಮನೆ ಬಿಡಲ್ಲ.”

“ಏನ್ ಮಾಡ್ತೀರ?”

“ಭಾನುವಾರ ಭಾನುವಾರ ಎದುರಿಗೆ ಕೂತು ನಾನು ಬರೆದಿದ್ದನ್ನ ಕೇಳ್ಬೇಕು. ಬೈಯೋದಾದ್ರೆ ಮುಖಕ್ಕೇ ಬೈಬೇಕು. ನನ್ನ ಒಂದೊಂದು ಅಕ್ಷರಾನೂ ಕೇಳಿಸ್ಕೊಂಡವರು ನೀವೊಬ್ರೇ... ನಿಮ್ಮನ್ನ ಬಿಟ್ಟಿರೋಕಾಗಲ್ಲ.”

ಅವಳು ಅವನತ್ತ ತಿರುಗಿದಳು. “ಎಷ್ಟು ಭಾನುವಾರ?”

“ನಿಮ್ಮ ಸಿಟ್ಟು ಮುಗಿಯೋವರೆಗೆ.”

“ಹಾಗಾದ್ರೆ ಮುಗಿಸಲ್ಲ,” ಅಂದಳು.