ನೂರಾ ಎಂಬತ್ತೇಳನೆಯ ಹೆಸರು

ವಿಮಾನ ಕಂಪನಿಯ ಬುಕಿಂಗ್ ಕಚೇರಿಯಲ್ಲಿ ಹನ್ನೆರಡು ವರ್ಷ ಕುರ್ಚಿ ಸವೆಸಿದ ಗುಮಾಸ್ತನಿಗೆ ಮ್ಯಾನೇಜರ್ ಹುದ್ದೆ ಇನ್ನೇನು ಕೈಗೆ ಬಂತು ಎನ್ನುವಾಗ ಅಡ್ಡ ಬಂದವನು ಬೇರೆ ಯಾರೂ ಅಲ್ಲ, ಸ್ವಂತ ಷಡ್ಡಕ. ಕೊರಿಯರ್ ಕಂಪನಿಯಲ್ಲಿದ್ದ ಅವನೂ ಅರ್ಜಿ ಹಾಕಿದ್ದ, ದೂರದ ಊರಿನ ಹೆಡ್ಡಾಫೀಸಿನಲ್ಲಿ ನಡೆಯುವ ಸಂದರ್ಶನಕ್ಕೆ ಉಳಿದವರು ಅವರಿಬ್ಬರೇ. ಹುದ್ದೆ ಅವನಿಗೆ ಸಿಕ್ಕರೆ ಹೆಂಡತಿಯ ತಂಗಿಯ ಗಂಡನಿಗೆ ‘ಸರ್’ ಅನ್ನಬೇಕು, ಅದೂ ಅತ್ತೆಯ ಕಿವಿಗೆ ಬೀಳುವ ಹಾಗೆ. ನೆನೆಸಿಕೊಂಡರೇ ಹೊಟ್ಟೆ ಉರಿಯುತ್ತಿತ್ತು.

“ಭಾವ, ನೀವೂ ಬೆಳಗಿನ ವಿಮಾನಕ್ಕೇ ತಾನೇ? ನಂಗೂ ಒಂದು ಟಿಕೆಟ್ ಮಾಡಿಸಿಬಿಡಿ, ಕಮ್ಮೀದು ಸಾಕು,” ಎಂದು ಷಡ್ಡಕ ಫೋನ್ ಮಾಡಿದ. ಗುಮಾಸ್ತ ಬಹಳ ಪ್ರೀತಿಯಿಂದ ಮಾಡಿಸಿಕೊಟ್ಟ.

ಚಾಕು, ವಿಷ ಇವಕ್ಕೆಲ್ಲ ಗುಂಡಿಗೆ ಬೇಕು. ಇವನೋ ಜಿರಲೆ ಕಂಡರೆ ಹೆಂಡತಿಯನ್ನು ಕೂಗುವ ಆಸಾಮಿ. ಆದರೆ ಲೆಕ್ಕದಲ್ಲಿ ತಾನು ಹುಲಿ ಎಂದು ಅವನೇ ಒಪ್ಪಿಕೊಂಡಿದ್ದ. ವಿಮಾನದಲ್ಲಿ ನೂರಾ ಎಂಬತ್ತು ಸೀಟು. ಏಳು ಗಂಟೆಯ ವಿಮಾನಕ್ಕೆ ದಿನಾ ಆರು ಮಂದಿ ಕೈಕೊಡುತ್ತಾರೆ. ಒಬ್ಬನಿಗೆ ಜ್ವರ, ಒಬ್ಬನಿಗೆ ನಿದ್ದೆ. ಅದಕ್ಕೇ ಕಂಪನಿ ಪಟ್ಟಿಗೆ ನೂರಾ ಎಂಬತ್ತಾರು ಹೆಸರು ಹತ್ತಿಸುತ್ತದೆ. ಎಷ್ಟು ಹತ್ತಿಸಬೇಕೆಂದು ನಿರ್ಧರಿಸುವವನು ಗುಮಾಸ್ತ. ಈ ಸಲ ಅವನು ಒಂದು ಹೆಸರು ಹೆಚ್ಚು ಹತ್ತಿಸಿದ.

ಅಪರಾಧವೆಂದರೆ ಇಷ್ಟೇ. ಒಬ್ಬನಿಗೆ ಸೀಟಿಲ್ಲ. ಹೊರಗುಳಿಯುವವನು ಕಮ್ಮಿ ಟಿಕೆಟ್ಟಿನವನು, ಎಲ್ಲರಿಗಿಂತ ತಡವಾಗಿ ಬಂದವನು. ಷಡ್ಡಕನೋ ತನ್ನ ಮದುವೆಗೇ ತಡವಾಗಿ ಬಂದ ಮಹಾನುಭಾವ. ಸಂದರ್ಶನ ಹನ್ನೊಂದಕ್ಕೆ, ಮುಂದಿನ ವಿಮಾನ ಮಧ್ಯಾಹ್ನಕ್ಕೆ. ಪೊಲೀಸರು ಬಂದರೂ ಏನು ಹಿಡಿದಾರು? ಹೆಚ್ಚು ಟಿಕೆಟ್ ಮಾರಿದರೆ ಕಂಪನಿ ಬೆನ್ನು ತಟ್ಟುತ್ತದೆ. ಇಷ್ಟು ಸಣ್ಣ, ಇಷ್ಟು ಶುಭ್ರ ದ್ರೋಹ ಇದುವರೆಗೆ ಯಾರೂ ಮಾಡಿರಲಾರರು ಎಂದು ಅವನಿಗೆ ತನ್ನ ಮೇಲೆಯೇ ಅಭಿಮಾನ ಉಕ್ಕಿತು.

ಆ ಬೆಳಿಗ್ಗೆ ಗುಮಾಸ್ತ ಹೊಸ ಷರ್ಟು ತೊಟ್ಟು ಎರಡು ಗಂಟೆ ಮೊದಲೇ ಕೌಂಟರಿಗೆ ಹಾಜರಾದ. “ಒಂಚೂರು ಪಕ್ಕದಲ್ಲಿ ನಿಂತಿರಿ ಸರ್,” ಎಂದಳು ಕೌಂಟರಿನ ಹುಡುಗಿ. ಮ್ಯಾನೇಜರ್ ಆಗುವವರಿಗೆ ಈಗಲೇ ಮರ್ಯಾದೆ ಶುರುವಾಯಿತು ಎಂದುಕೊಂಡು ಅವನು ನಿಂತ. ನಿಂತಲ್ಲೇ ಎಣಿಸಿದ. ಷಡ್ಡಕನನ್ನು ಬಿಟ್ಟರೆ ಬಾರದವರು ಸರಿಯಾಗಿ ಆರು. ಉಳಿದ ಸೀಟು ಒಂದು. ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಕೌಂಟರ್ ಮುಚ್ಚಲು ಎರಡು ನಿಮಿಷವಿದೆ ಎನ್ನುವಾಗ ಷಡ್ಡಕ ಏದುಸಿರು ಬಿಡುತ್ತಾ ಓಡಿಬಂದ.

ಹುಡುಗಿ ಕೊನೆಯ ಬೋರ್ಡಿಂಗ್ ಪಾಸ್ ಷಡ್ಡಕನ ಕೈಗಿಟ್ಟಳು. “ಏನಮ್ಮಾ, ಅದು ನಂದಲ್ವಾ?” ಗುಮಾಸ್ತ ಕೌಂಟರಿಗೆ ನುಗ್ಗಿದ. “ನಿಮ್ಮದು ಸ್ಟಾಫ್ ಪಾಸ್ ಅಲ್ವಾ ಸರ್, ಪುಕ್ಕಟೆಯದು. ದುಡ್ಡು ಕೊಟ್ಟೋರೆಲ್ಲ ಹತ್ತಿ ಸೀಟು ಉಳಿದ್ರೆ ಮಾತ್ರ ನಿಮಗೆ. ಆಫೀಸಿನೋರು, ನಿಮಗೆ ನಾನು ಹೇಳ್ಬೇಕಾ?” ಎಂದಳು ಅವಳು. ಗೇಟಿನತ್ತ ಓಡುತ್ತಿದ್ದ ಷಡ್ಡಕ ತಿರುಗಿ ನೋಡಿದ. “ಅಯ್ಯೋ ಭಾವ, ನೀವೂ ಒಂದು ಟಿಕೆಟ್ ಕೊಂಡ್ಕೋಬಾರದಿತ್ತಾ?” ಹನ್ನೆರಡು ವರ್ಷದಲ್ಲಿ ಲಕ್ಷಗಟ್ಟಲೆ ಟಿಕೆಟ್ ಮಾರಿದ್ದ ಗುಮಾಸ್ತ ತನಗೆಂದು ಒಂದನ್ನೂ ಕೊಂಡಿರಲಿಲ್ಲ.